ನೀರು ಬಂದ ದಿನ ಓಡುವ ಚಕ್ರ

ಶಕ್ತಿಯನ್ನು ಹೊಸದಾಗಿ ಹುಟ್ಟಿಸಲು ಬರುವುದಿಲ್ಲ, ನಾಶ ಮಾಡಲೂ ಬರುವುದಿಲ್ಲ ಎಂದು ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ. ಅಷ್ಟೂ ವರ್ಷ ಸಂಜೆ ಮನೆಗೆ ಬಂದರೆ, ನನ್ನ ಗಂಡ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಕೂತು ಅದನ್ನು ಹುಟ್ಟಿಸುತ್ತಿದ್ದರು. ಪರೀಕ್ಷೆಯಲ್ಲಿ ಆ ನಿಯಮವನ್ನು ತಪ್ಪು ಬರೆದ ಮಕ್ಕಳಿಗೆ ಸೊನ್ನೆ ಹಾಕುತ್ತಿದ್ದೆ. ಗಂಡನಿಗೆ ಚಹಾ ಮಾಡಿಕೊಡುತ್ತಿದ್ದೆ.

ಅವರ ಹೆಸರು ಮೌನೇಶ ಪತ್ತಾರ. ಬೆಟಗೇರಿಯಲ್ಲಿ ಮಧ್ಯಾಹ್ನದವರೆಗೆ ಅಕ್ಕಸಾಲಿಗ, ಆಮೇಲೆ ವಿಜ್ಞಾನಿ. ಜೊತೆಗೆ ದಾವಲಸಾಬ ನದಾಫ ಎಂಬ ಗೆಳೆಯ. ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಆತನದು. ಇಬ್ಬರೂ ಸೇರಿ ಮಾಡಿದ ಚಕ್ರಗಳಿಗೆ ಲೆಕ್ಕವಿಲ್ಲ. ಒಂದು ಕಡೆ ಸೀಸದ ಗುಂಡುಗಳು ಜಾರಿ ಚಕ್ರವನ್ನು ಕೆಳಗೆ ಎಳೆಯಬೇಕು, ಇನ್ನೊಂದು ಕಡೆ ಅಯಸ್ಕಾಂತಗಳು ಅವನ್ನು ಮೇಲಕ್ಕೆ ದೂಡಬೇಕು, ಹೀಗೆ ಯಾರ ಹಂಗೂ ಇಲ್ಲದೆ ಅದು ತಿರುಗುತ್ತಲೇ ಇರಬೇಕು ಎಂಬುದು ಅವರ ಕನಸು. ಪ್ರತಿ ಚಕ್ರವೂ ಸ್ವಲ್ಪ ಹೊತ್ತು ತಿರುಗಿ, ಮುಗ್ಗರಿಸಿ, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತೂಗಿ ನಿಂತುಬಿಡುತ್ತಿತ್ತು. ಆಗ ಇಬ್ಬರಿಂದಲೂ ಒಂದೇ ಮಾತು ಬರುತ್ತಿತ್ತು.

"ಇನ್ನೇನಿಲ್ಲ, ಬೇರಿಂಗಿನ ತಿಕ್ಕಾಟ ಒಂದ ಉಳದೈತಿ."

ನಮ್ಮ ಮದುವೆಯಾದಾಗಿನಿಂದ ಆ ತಿಕ್ಕಾಟ ಉಳಿದೇ ಇತ್ತು. ನಾನು ವಾದ ಮಾಡುವುದನ್ನು ಎಂದೋ ಬಿಟ್ಟಿದ್ದೆ. ನಿವೃತ್ತಿಯಾದ ಮೇಲಂತೂ ಬಾಯಿಗಿಂತ ಮೊಳಕಾಲುಗಳೇ ಹೆಚ್ಚು ಮಾತಾಡತೊಡಗಿದವು. ಎರಡೂ ಸವೆದುಹೋಗಿದ್ದವು. ಸಕ್ಕರೆ ಕಾಯಿಲೆಯೂ ಇದ್ದುದರಿಂದ ಡಾಕ್ಟರು ಆಪರೇಷನ್ನಿಗೆ ಹಿಂದೆಮುಂದೆ ನೋಡಿದರು. ಹಾಸಿಗೆಯಿಂದ ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯಬೇಕು. ದಣಿವು ಎನ್ನುವುದು ಬೇರೆಯವರಿಗೆ ಸಂಜೆ ಬರುತ್ತದೆ. ನನಗದು ಬೆಳಗ್ಗೆ ಎದ್ದಾಗಲೇ ಮಗ್ಗುಲಲ್ಲಿ ಇರುತ್ತಿತ್ತು.

ಅಡುಗೆ ಹೇಗೋ ಕೂತು ಮಾಡುತ್ತಿದ್ದೆ. ನೀರು ತರುವುದು ಮಾತ್ರ ಆಗಲಿಲ್ಲ. ನಮ್ಮ ಓಣಿಯ ನಲ್ಲಿಗೆ ಎಂಟು-ಹತ್ತು ದಿನಕ್ಕೊಮ್ಮೆ ನೀರು ಬರುತ್ತದೆ, ಬಂದ ದಿನ ಇಡೀ ಓಣಿ ಕೊಡ ಹಿಡಿದು ಓಡುತ್ತದೆ. ಪಕ್ಕದ ಮನೆಯ ನೀಲವ್ವ ತನ್ನ ಮನೆಯ ಡ್ರಮ್ಮು ತುಂಬಿಸಿ, ಆಮೇಲೆ ನಮ್ಮದನ್ನೂ ತುಂಬಿಸುತ್ತಿದ್ದಳು. ಮನೆಯಲ್ಲೇ ಮಗ್ಗ ಹಾಕಿಕೊಂಡಿರುವ ನೇಕಾರರ ಹೆಣ್ಣುಮಗಳು, ನಲವತ್ತರ ಆಸುಪಾಸಿನವಳು. "ಇರಲಿ ಬಿಡ್ರಿ ಅಕ್ಕಾರ, ಎರಡ ಕೊಡಕ್ಕ ನನಗೇನ್ ಆಗತೈತಿ," ಎನ್ನುತ್ತಿದ್ದಳು. ನನ್ನ ಗಂಡ ಆ ಹೊತ್ತಿಗೆ ಶೆಡ್ಡಿನಲ್ಲಿ ಇರುತ್ತಿದ್ದರು. ವಿಜ್ಞಾನಕ್ಕೆ ನೀರು ಬರುವ ದಿನ, ಬಾರದ ದಿನ ಎಂಬ ಭೇದವಿಲ್ಲವಲ್ಲ.

ಮೊಳಕಾಲು ಕೆಟ್ಟ ನಾಲ್ಕನೇ ವರ್ಷದ ಬೇಸಿಗೆಯಲ್ಲಿ ಅವರು ಅಕ್ಕಸಾಲಿಗ ಮಾತ್ರ ಮಾಡಬಹುದಾದ ಒಂದು ಕೆಲಸ ಮಾಡಿದರು. ಹಳೆಯ ಸ್ಪೀಕರುಗಳಿಂದ, ಕೆಟ್ಟ ಕಂಪ್ಯೂಟರುಗಳಿಂದ ಕಿತ್ತ ಅಯಸ್ಕಾಂತಗಳ ಚೂರುಗಳೆಲ್ಲ ಡಬ್ಬಿಯಲ್ಲಿ ಬಿದ್ದಿದ್ದವು. ಬಂಗಾರದ ಚೂರು ಉಳಿದರೆ ಪತ್ತಾರರು ಏನು ಮಾಡುತ್ತಾರೆ? ಮೂಸೆಗೆ ಹಾಕಿ ಕರಗಿಸುತ್ತಾರೆ. ಇವರೂ ಅದನ್ನೇ ಮಾಡಿದರು.

"ಕಾಸಿದ್ರ ಅಯಸ್ಕಾಂತದ ಗುಣ ಹೋಗತೈತ್ರಿ. ಎಂಟನೇ ಕ್ಲಾಸಿನ ಹುಡುಗ್ರಿಗೂ ಗೊತ್ತೈತಿ," ಎಂದೆ.

"ಹೋದ್ರ ಹೋಗಲಿ, ಚೂರಿದ್ದರ ಏನ್ ಉಪಯೋಗ?" ಎಂದರು.

ಯಾವ ಲೋಹ ಕರಗಿಸಿದರೂ ಕಿಟ್ಟ ಬಿಡಿಸಲು ಒಂದು ಚಿಟಿಕೆ ಬಿಳಿಗಾರ ಹಾಕುವುದು ಅವರ ಕೈಯ ಅಭ್ಯಾಸ. ಅದನ್ನೂ ಹಾಕಿದರು. ದಾವಲಸಾಬ ಅಚ್ಚಿನ ಸುತ್ತ ತಾಮ್ರದ ತಂತಿ ಸುತ್ತಿ, ರಸ ಆರುವ ತನಕ ಕರೆಂಟು ಹಾಯಿಸಿದ. ಕೊನೆಗೆ ರೊಟ್ಟಿ ಸೀದಂತೆ ಕಾಣುವ ಎರಡು ಕಪ್ಪು ಬಿಲ್ಲೆಗಳು ಹೊರಬಂದವು. ಅವನ್ನು ಚಕ್ರದ ಎರಡು ಬದಿಗೆ ಕೂರಿಸಿ, ಬೆರಳಿನಿಂದ ಒಮ್ಮೆ ದೂಡಿದರು.

ಚಕ್ರ ತಿರುಗಿತು. ಚಹಾ ಕುಡಿದು ಮುಗಿಸಿದರೂ ತಿರುಗುತ್ತಿತ್ತು. ಮರುದಿನ ಬೆಳಗ್ಗೆಯೂ ತಿರುಗುತ್ತಿತ್ತು. ದಾವಲಸಾಬ ಅದಕ್ಕೊಂದು ಸಣ್ಣ ಡೈನಮೊ ಕಟ್ಟಿದಾಗ ಶೆಡ್ಡಿನ ಬಲ್ಬು ಹೊತ್ತಿಕೊಂಡಿತು.

ನಾನು ಹುಡುಗರ ಚೀಲ ತಪಾಸಣೆ ಮಾಡಿದ ಹೆಂಗಸು, ಸುಲಭಕ್ಕೆ ನಂಬುವವಳಲ್ಲ. ಮೇನ್ ಸ್ವಿಚ್ ಆರಿಸಿದೆ. ಮೇಜಿನ ಅಡಿ ಕೈಯಾಡಿಸಿದೆ. ಗುಪ್ತವಾಗಿ ಬ್ಯಾಟರಿ ಇಟ್ಟಿದ್ದಾರೋ ಎಂದು ದಾವಲಸಾಬನ ಜೇಬು ಕೂಡ ನೋಡಿದೆ. ಆತ ಪಾಪ, ನಗುತ್ತ ತಾನೇ ಜೇಬು ಹೊರಗೆ ಮಾಡಿ ತೋರಿಸಿದ. ನನ್ನ ಗಂಡನ ಕಣ್ಣಲ್ಲಿ ನೀರಿತ್ತು. ಅರವತ್ತೇಳರ ಗಂಡಸು ಹಾಗೆ ನಿಂತಿದ್ದನ್ನು ಕಂಡು ನನಗೂ ಸಂತೋಷವಾಯಿತು. ನಿಯಮ ಸುಳ್ಳಾದ ಸಂಕಟ ಆಮೇಲೆ ಬಂತು.

ಎಲ್ಲೂ ಬ್ಯಾಟರಿ ಸಿಗದೆ, ಮೇಜಿನ ಅಡಿಯಿಂದ ಎದ್ದು ನಿಂತೆ. ಎದ್ದ ಮೇಲೆ ಗೊತ್ತಾಯಿತು, ನಾನು ಏನನ್ನೂ ಹಿಡಿದುಕೊಂಡಿರಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಮೊಳಕಾಲು ನನ್ನನ್ನು ಸುಮ್ಮನೆ ಎತ್ತಿದ್ದವು.

"ರೀ, ನನ್ನ ಮೈ ಹಗುರಾಗೇತ್ರಿ."

"ಖುಷಿಗೆ ಹಂಗ ಅನಸತೈತಿ," ಎಂದು ನಕ್ಕರು. ಆದರೂ ಅನುಮಾನ ಬೇಡವೆಂದು ತಮ್ಮ ತಕ್ಕಡಿ ತಂದರು. ಗಾಜಿನ ಪೆಟ್ಟಿಗೆಯೊಳಗಿನ, ಎರಡು ಬದಿಗೆ ತಟ್ಟೆಯಂಥ ಪರಡಿಗಳಿರುವ ಸಣ್ಣ ತಕ್ಕಡಿ. ಅಂಗಡಿಯಲ್ಲಿ ತೂಗಿದ ಬೆಳ್ಳಿಯ ಬಿಲ್ಲೆಯನ್ನು ಚಕ್ರದ ಪಕ್ಕದಲ್ಲಿಟ್ಟು ಮತ್ತೆ ತೂಗಿದರು. ಮುಳ್ಳು ನಟ್ಟನಡುವೆ ನಿಂತಿತು. "ನೋಡು, ಗುಲಗಂಜಿಯಷ್ಟೂ ಹೆಚ್ಚುಕಮ್ಮಿ ಇಲ್ಲ. ನನ್ನ ತಕ್ಕಡಿ ಸುಳ್ಳ ಹೇಳೂದಿಲ್ಲ," ಎಂದರು. ಆ ವಿಷಯ ಅಲ್ಲಿಗೆ ಮುಗಿಯಿತು. ನಾನೂ ಮುಂದೆ ಕೆದಕಲಿಲ್ಲ. ಕಾಲು ನೋಯದಿರುವಾಗ ಕಾರಣ ಹುಡುಕುವಷ್ಟು ಮೂರ್ಖಳಲ್ಲ.

ನನ್ನ ಸಂಸಾರ ನಿಧಾನವಾಗಿ ಶೆಡ್ಡಿಗೆ ಬಂತು. ಮೊದಲು ಮಂಚ, ಆಮೇಲೆ ಒಲೆ, ಆಮೇಲೆ ದೇವರ ಫೋಟೊ. ಅಲ್ಲಿ ನಿಂತೇ ಅಡುಗೆ ಮಾಡುತ್ತಿದ್ದೆ. ಗ್ಯಾಸಿನ ಉರಿ ಎತ್ತರಕ್ಕೆ ಏಳದೆ ಉರುಟಾಗಿ ಸೋಮಾರಿಯಂತೆ ಕೂತಿರುತ್ತಿತ್ತು. ಚಹಾ ಸೋಸಿದರೆ ಎಳೆ ಎಳೆಯಾಗಿ ತಡೆದು ತಡೆದು ಇಳಿಯುತ್ತಿತ್ತು. ರೊಟ್ಟಿ ಬಡಿದರೆ ಹಿಟ್ಟಿನ ಪುಡಿ ಬಹಳ ಹೊತ್ತು ಗಾಳಿಯಲ್ಲೇ ನಿಂತಿರುತ್ತಿತ್ತು. ಇವೆಲ್ಲ ಏನು ಹೇಳುತ್ತಿವೆ ಎಂದು ಯೋಚಿಸಬೇಕಾಗಿತ್ತು. ನಾನು ರೊಟ್ಟಿ ಸುಟ್ಟೆ.

ಚಕ್ರದಿಂದ ನಾಲ್ಕು ಮಾರು ದೂರ ಹೋದರೆ ಮಾತ್ರ ಮೊಳಕಾಲು ಮತ್ತೆ ಶುರುಮಾಡುತ್ತಿದ್ದವು. ಅಂಗಳ ದಾಟಿ ಓಣಿಗೆ ಬಂದರಂತೂ ಮೊದಲಿಗಿಂತ ಹೆಚ್ಚು. ಹಗುರಾಗಿದ್ದು ಬಂದಿದ್ದಕ್ಕೆ ಹಾಗೆ ಅನಿಸುತ್ತದೆ ಎಂದುಕೊಂಡೆ.

ಓಣಿಯಲ್ಲಿ ಎಲ್ಲರೂ ಸೋತಿದ್ದರು. ನೀಲವ್ವನ ಗಂಡ ಸಂಗಪ್ಪ ಮಧ್ಯಾಹ್ನದ ಮೇಲೆ ಮಗ್ಗಕ್ಕೆ ಇಳಿಯುವುದನ್ನೇ ಬಿಟ್ಟಿದ್ದ. ತರಕಾರಿಯ ಗಾಡಿಯವನು ನಮ್ಮ ಓಣಿಗೆ ಬಂದರೆ ಗಾಡಿ ಮುಂದೆ ಹೋಗುವುದಿಲ್ಲ ಎಂದು ತಿರುವಿನಲ್ಲೇ ನಿಂತು ಕೂಗುತ್ತಿದ್ದ. ನೀಲವ್ವ ಒಂದು ದಿನ ಶಕ್ತಿಯ ಔಷಧದ ಬಾಟಲಿ ತಂದು ತೋರಿಸಿ, ಇದು ಒಳ್ಳೆಯದೇ ನೋಡ್ರಿ ಎಂದಳು.

"ಏನಾಗತೈತಿ ನಿನಗ?"

"ಏನಿಲ್ರಿ ಅಕ್ಕಾರ. ಕೊಡ ಎತ್ತಿದ್ರ ಸೊಂಟ ಮುರದಂಗ ಆಗತೈತಿ. ಬಿಸಲಿಗಿರಬೇಕು." ಆಮೇಲೆ ನನ್ನನ್ನು ನೋಡಿ, "ನೀವು ಮಾತ್ರ ಚಲೋ ಆದ್ರಿ ನೋಡ್ರಿ. ಮಾರಿ ಮ್ಯಾಲ ಕಳೆ ಬಂದೈತಿ," ಎಂದಳು. ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ.

ಅಷ್ಟರಲ್ಲಿ ದಾವಲಸಾಬ ಬೆಂಗಳೂರಿನ ಒಂದು ಕಂಪನಿಗೆ ಚಕ್ರದ ವಿಡಿಯೊ ಕಳಿಸಿದ್ದ. ಬರುವ ಗುರುವಾರ ಅವರ ಇಂಜಿನಿಯರುಗಳು ನೋಡಲು ಬರುತ್ತಾರೆಂದು ಗೊತ್ತಾಯಿತು. ನನ್ನ ಗಂಡ ಶೆಡ್ಡಿಗೆ ಸುಣ್ಣ ಬಳಿಸಿದರು. ಚಕ್ರದ ವೇಗ ಹೆಚ್ಚುಕಡಿಮೆ ಆಗುವುದೊಂದೇ ಅವರಿಗೆ ಉಳಿದ ಚಿಂತೆ. ರಾತ್ರಿ ನಿಧಾನ, ಬೆಳಗ್ಗೆ ಜೋರು, ಕೆಲವು ದಿನವಂತೂ ಬಲ್ಬು ಒಡೆದುಹೋಗುವಷ್ಟು ಜೋರು.

"ಚಂದ್ರನ ಆಕರ್ಷಣಾ ಇರಬೇಕು," ಎಂದು ಅವರು.

"ಗಾಳ್ಯಾಗಿನ ಹಸಿ ಇರಬೇಕ್ರಿ," ಎಂದು ದಾವಲಸಾಬ.

"ಜೋರ ಯಾವ್ಯಾವ ದಿನ?" ಎಂದು ನಾನು ಕೇಳಿದೆ. ಅವರು ಹೇಳಿದ ದಿನಗಳೆಲ್ಲ ನೀರು ಬಂದ ದಿನಗಳಾಗಿದ್ದವು. ಹೆಂಗಸರಿಗೆ ಆ ದಿನಗಳು ಬಾಯಿಪಾಠ ಇರುತ್ತವೆ.

ಮುಂದಿನ ಸಲ ನೀರು ಬಂದಾಗ ನಾನು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತೆ. ಅಲ್ಲಿಂದ ಎಡಕ್ಕೆ ಚಕ್ರ ಕಾಣುತ್ತದೆ, ಬಲಕ್ಕೆ ಸಂದಿಯಾಚೆ ನಲ್ಲಿ ಕಾಣುತ್ತದೆ. ನೀಲವ್ವ ಬಗ್ಗಿ ಕೊಡ ಎತ್ತಿ ಸೊಂಟಕ್ಕೆ ಇಟ್ಟಳು. ಚಕ್ರ ಒಮ್ಮೆ ಮುಂದಕ್ಕೆ ಜಿಗಿಯಿತು. ಆಕೆ ಕೊಡ ಇಳಿಸಿದಾಗ ಏನೂ ಆಗಲಿಲ್ಲ. ಮತ್ತೆ ಎತ್ತಿದಳು, ಮತ್ತೆ ಜಿಗಿಯಿತು. ಆಕೆ ದಣಿದು ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಾಗ ಚಕ್ರವೂ ಸೋತಂತೆ ನಿಧಾನವಾಯಿತು.

ಒಳಗೆ ಹೋಗಿ, ನಿವೃತ್ತಿಯಾಗಿ ಶಾಲೆಯಿಂದ ಬರುವಾಗ ತಂದಿದ್ದ ಸ್ಪ್ರಿಂಗಿನ ತಕ್ಕಡಿ ಹುಡುಕಿದೆ. ಒಂದು ಕಿಲೋ ತೂಕದ ಕಲ್ಲನ್ನು ಅದರ ಕೊಂಡಿಗೆ ತೂಗುಹಾಕಿದರೆ ಚಕ್ರದ ಪಕ್ಕ ಅದು ಮುಕ್ಕಾಲು ಕಿಲೋ ಕೂಡ ತೋರಿಸಲಿಲ್ಲ. ಗೋಡೆ ಹಿಡಿದು ಓಣಿಗೆ ಹೋಗಿ ನೋಡಿದೆ. ಅಲ್ಲಿ ಒಂದೂಕಾಲು.

ಪತ್ತಾರರ ತಕ್ಕಡಿ ಸುಳ್ಳು ಹೇಳಿರಲಿಲ್ಲ, ಅದಕ್ಕೆ ಸತ್ಯ ಹೇಳಲು ಬರುತ್ತಿರಲಿಲ್ಲ ಅಷ್ಟೇ. ಭೂಮಿಯ ಸೆಳೆತ ಕಡಿಮೆಯಾದರೆ ಎರಡು ಪರಡಿಗಳೂ ಒಂದೇ ಸಮ ಹಗುರಾಗುತ್ತವೆ, ಮುಳ್ಳು ನಡುವೆಯೇ ನಿಲ್ಲುತ್ತದೆ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಇದು ಅಂದೇ ಹೊಳೆಯಬೇಕಿತ್ತು.

ಆ ಬಿಲ್ಲೆಗಳು ನಡುವೆ, ಚಕ್ರದ ಹತ್ತಿರ ಇರುವವರ ಭಾರ ಕಿತ್ತು ಸುತ್ತಲಿನ ಓಣಿಯ ಮೇಲೆ ಹಾಕುತ್ತಿದ್ದವು. ಅಲ್ಲಿ ಯಾರಾದರೂ ಏನನ್ನಾದರೂ ಎತ್ತಿದರೆ ತಮ್ಮ ಪಾಲಿಗಿಂತ ಹೆಚ್ಚು ಎತ್ತಬೇಕು. ಆ ಹೆಚ್ಚಿನ ದುಡಿಮೆ ಬಂದು ಚಕ್ರವನ್ನು ತಿರುಗಿಸುತ್ತಿತ್ತು. ಇಳಿಸುವಾಗ ಚಕ್ರ ಏನನ್ನೂ ಹಿಂದಿರುಗಿಸುತ್ತಿರಲಿಲ್ಲ. ನಿಯಮ ಮುರಿದಿರಲಿಲ್ಲ. ಶಕ್ತಿ ಎಲ್ಲಿಂದಲೋ ಬರಲೇಬೇಕು, ನೀಲವ್ವನ ಸೊಂಟದಿಂದ ಬರುತ್ತಿತ್ತು.

ಹೊರಗೆ ಹಿತ್ತಾಳೆ ಕೊಡ ಬಿದ್ದ ಸದ್ದಾಯಿತು. ನಮ್ಮ ಮನೆಗೆಂದು ತರುತ್ತಿದ್ದ ಕೊಡ ಅದು. ನೀಲವ್ವ ಅಂಗಳದ ಮೆಟ್ಟಿಲಲ್ಲಿ ಬಿದ್ದಿದ್ದಳು. ಕೈ ಊರಲು ಹೋಗಿ ಮಣಿಕಟ್ಟು ಮುರಿದಿತ್ತು. ನೋವಿಗೆ ಅಳುತ್ತಲೇ, "ನಿಮ್ಮ ನೀರ ಚೆಲ್ಲಿಬಿಟ್ಟೆ ನೋಡ್ರಿ ಅಕ್ಕಾರ," ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಕೆಯನ್ನು ಸಂಗಪ್ಪ ಆಸ್ಪತ್ರೆಗೆ ಕರೆದೊಯ್ದ ಮೇಲೆ ನಾನು ಗಂಡನಿಗೆ, ದಾವಲಸಾಬನಿಗೆ ಎಲ್ಲ ಹೇಳಿದೆ. ತಕ್ಕಡಿಯನ್ನೂ ತೋರಿಸಿದೆ. ದಾವಲಸಾಬ ಅದರ ಮುಳ್ಳು ನೋಡಿ ಹೌದೆಂದು ತಲೆಯಾಡಿಸಿದ. ನನ್ನ ಗಂಡ ಮಾತ್ರ ಒಪ್ಪಲಿಲ್ಲ.

"ಸ್ಪ್ರಿಂಗ್ ಹಳೇದೈತಿ. ಆಕಿ ಬಿದ್ದದ್ದಕ್ಕೂ ನನ್ನ ಚಕ್ರಕ್ಕೂ ಏನ್ ಸಂಬಂಧ?"

"ಹಂಗಾದ್ರ ಯಾರೂ ಇಲ್ಲದ ಕಡೆ ಒಯ್ದು ತಿರುಗಿಸ್ರಿ, ನೋಡೋಣು."

"ತಿರಗತೈತಿ," ಎಂದರು.

ದಾವಲಸಾಬನ ಲಗೇಜ್ ಆಟೋದಲ್ಲಿ ಚಕ್ರ, ಅದರ ಡೈನಮೊ, ಬಲ್ಬು ಎಲ್ಲ ಹೇರಿಕೊಂಡು, ನನಗೊಂದು ಕುರ್ಚಿ ಹಾಕಿಕೊಂಡು, ಮುಚ್ಚಿಹೋದ ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದಿನ ಬಯಲಿಗೆ ಹೋದೆವು. ಸುತ್ತ ಮನುಷ್ಯರ ಸುಳಿವಿರಲಿಲ್ಲ. ನನ್ನ ಗಂಡ ಚಕ್ರವನ್ನು ನೆಲಕ್ಕೆ ಭದ್ರವಾಗಿ ಕೂರಿಸಿ, ಬೆರಳಿನಿಂದ ದೂಡಿದರು. ಅದು ಕೆಲವು ಸುತ್ತು ತಿರುಗಿತು. ಆಮೇಲೆ ಹಿಂದಿನ ಎಲ್ಲ ಚಕ್ರಗಳ ಹಾಗೆಯೇ ಮುಗ್ಗರಿಸಿ, ತೂಗಾಡಿ, ನಿಂತಿತು.

ಮತ್ತೆ ದೂಡಿದರು. ಮತ್ತೆ ನಿಂತಿತು. ಬೇರಿಂಗಿನ ಮಾತನ್ನು ಯಾರೂ ಎತ್ತಲಿಲ್ಲ.

ದಾವಲಸಾಬ ಎದ್ದು ದೂರ ನಡೆದ. ಅಲ್ಲೊಂದು ಹಾಳುಬಿದ್ದ ಗೋಡೆಯ ಕಲ್ಲು ಬಿದ್ದಿತ್ತು. "ಪತ್ತಾರ್ರ, ಈಗ ದೂಡ್ರಿ," ಎಂದು ಕೂಗಿ, ಕಲ್ಲನ್ನು ಎದೆಮಟ್ಟ ಎತ್ತಿದ. ಚಕ್ರ ಸರಕ್ಕನೆ ತಿರುಗಿತು. ಇಳಿಸಿ ಮತ್ತೆ ಎತ್ತಿದ. ಇನ್ನೂ ಜೋರಾಗಿ ತಿರುಗಿತು. ಹೀಗೆ ಆತ ಕಲ್ಲು ಎತ್ತುತ್ತ, ಚಕ್ರ ತಿರುಗುತ್ತ, ಬಲ್ಬು ಹೊತ್ತುತ್ತ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ಆತ ಬೆವರು ಒರೆಸಿಕೊಂಡು ಕಲ್ಲಿನ ಮೇಲೆಯೇ ಕೂತ. ಚಕ್ರ ನಿಂತಿತು. ಎಷ್ಟೋ ವರ್ಷ ಇಬ್ಬರೂ ಹುಡುಕಿದ ಯಂತ್ರ ಕಡೆಗೂ ಸಿಕ್ಕಿತ್ತು. ಅದನ್ನು ನಡೆಸಲು ಒಬ್ಬ ಹಮಾಲ ಬೇಕಾಗಿತ್ತು ಅಷ್ಟೇ.

ನನ್ನ ಗಂಡ ಬಹಳ ಹೊತ್ತು ಚಕ್ರವನ್ನೇ ನೋಡುತ್ತ ಕುಕ್ಕರಗಾಲಿನಲ್ಲಿ ಕೂತಿದ್ದರು. ಅವರು ಸೋತು ಕೂತಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೆ. ಈ ಸಲ ನನಗೂ ಅಳು ಬಂತು. ಅವರ ಚಕ್ರಕ್ಕಾಗಿ ಅಳುತ್ತಿದ್ದೇನೋ ನನ್ನ ಕಾಲಿಗಾಗಿ ಅಳುತ್ತಿದ್ದೇನೋ ಬೇರ್ಪಡಿಸಿ ಹೇಳಲಾರೆ. ಶೆಡ್ಡಿನಲ್ಲಿ ನಿಂತು ರೊಟ್ಟಿ ಬಡಿಯುವ ಸುಖ ಇನ್ನು ಇಲ್ಲ ಎಂಬುದು ಆಗಲೇ ಮನಸ್ಸಿಗೆ ನಾಟಿತ್ತು.

"ಕಂಪನಿಯವ್ರು ಬರತಾರಲ್ರಿ," ಎಂದು ದಾವಲಸಾಬ ಕೂತಲ್ಲಿಂದಲೇ ಹೇಳಿದ. "ಅವ್ರು ದುಡ್ಡಿದ್ದವ್ರು. ಏನರ ದಾರಿ ಹುಡುಕ್ಯಾರು."

"ಹುಡುಕತಾರ," ಎಂದೆ. "ನಡುವ ಯಾರನ್ನ ಕುಂಡ್ರಸಬೇಕು, ಸುತ್ತ ಯಾರನ್ನ ಇಡಬೇಕು ಅನ್ನೂದು ಅವ್ರಿಗೆ ನಮಗಿಂತ ಚಲೋ ಗೊತ್ತಿರತೈತಿ."

ನನ್ನ ಗಂಡ ಎದ್ದು, ಕಲ್ಲಿನ ಹತ್ತಿರ ಹೋದರು. ದಾವಲಸಾಬನನ್ನು ಎಬ್ಬಿಸಿ, ಪಂಚೆ ಎತ್ತಿ ಕಟ್ಟಿ, ಕಲ್ಲಿಗೆ ಕೈ ಹಾಕಿದರು. ಅದು ಮೊದಲ ಸಲ ಏಳಲಿಲ್ಲ. ಎರಡನೇ ಸಲ ಮೊಳಕಾಲುಮಟ್ಟ ಬಂತು. ಚಕ್ರ ಸ್ವಲ್ಪ ಅಲುಗಿತು, ನನ್ನ ಕಾಲು ಸ್ವಲ್ಪ ಹಗುರಾಯಿತು.

"ಕಸ್ತೂರಿ," ಎಂದು ಅಲ್ಲಿಂದಲೇ ಕರೆದರು. ಮದುವೆಯಾದ ಮೇಲೆ ಅವರು ನನ್ನ ಹೆಸರು ಹಿಡಿದು ಕರೆದದ್ದು ಕಡಿಮೆ. "ಇಲ್ಲೇ ಒಂದು ತಗಡಿನ ಮನಿ ಹಾಕೋಣು. ನೀ ನಡುವ ಇರು. ನಾ ದಿನಾ ಇಲ್ಲಿ ನಿಂತು ಎತ್ತತೀನಿ. ಬ್ಯಾರೇದವರ ಮ್ಯಾಲ ಬೀಳೂದಿಲ್ಲ."

ಅವರು ತಮಾಷೆ ಮಾಡುತ್ತಿರಲಿಲ್ಲ. ಎದೆ ಏರಿಳಿಯುತ್ತಿತ್ತು, ಅಕ್ಕಸಾಲಿಗನ ಸಣ್ಣ ಬೆರಳುಗಳು ಕಲ್ಲಿಗೆ ತರಚಿದ್ದವು. ಪ್ರೀತಿ ಎನ್ನುವುದು ಅವರಿಂದ ನನಗೆ ಇಷ್ಟು ಸ್ಪಷ್ಟವಾಗಿ ಎಂದೂ ಬಂದಿರಲಿಲ್ಲ. ಅದು ಇಷ್ಟು ತಡವಾಗಿ, ಇಷ್ಟು ಪೆದ್ದಾಗಿ ಬಂತಲ್ಲ ಎಂದು ಸಿಟ್ಟೂ ಬಂತು.

"ಕಲ್ಲ ಇಳಸ್ರಿ," ಎಂದೆ. "ನನಗ ಹಗುರಾಗೂದು ಬ್ಯಾಡ. ಮನೀಗೆ ಹೋಗೋಣು ನಡೀರಿ."

ಅವರು ಇಳಿಸಿದರು. ಚಕ್ರ ನಿಂತಿತು. ನನ್ನ ಭಾರವೆಲ್ಲ ತಲೆಯಿಂದ ಇಳಿದು ಮೊಳಕಾಲಿಗೆ ಬಂದು ಕೂತಿತು. ದಾವಲಸಾಬ ಒಂದು ಕಡೆ, ಅವರು ಒಂದು ಕಡೆ ಹಿಡಿದು ನನ್ನನ್ನು ಆಟೋಗೆ ಹತ್ತಿಸಿದರು. ಅದೇ ಸಂಜೆ ಕಪ್ಪು ಬಿಲ್ಲೆಗಳು ಮತ್ತೆ ಮೂಸೆಗೆ ಬಿದ್ದವು, ಈ ಸಲ ಕರೆಂಟು ಹಾಯಿಸಲಿಲ್ಲ. ಕಂಪನಿಯವರಿಗೆ ದಾವಲಸಾಬ ಫೋನು ಮಾಡಿ, ಚಕ್ರ ನಿಂತುಹೋಯಿತು ಎಂದು ಹೇಳಿದ. ಅವರಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

ನೀಲವ್ವನ ಕೈಗೆ ಪ್ಲಾಸ್ಟರ್ ಹಾಕಿದ್ದರು. ಮುಂದಿನ ಸಲ ನೀರು ಬಂದಾಗ ಆಕೆ ಕೊಡ ಹಿಡಿಯುವಂತಿರಲಿಲ್ಲ. ನನ್ನ ಗಂಡ ತಾವೇ ಎದ್ದು, ಎರಡು ಕೊಡ ತೆಗೆದುಕೊಂಡು ನಲ್ಲಿಗೆ ಹೋದರು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕದ್ದು ನನಗೆ ಕೇಳಿಸಿತು. ಮೊದಲು ನೀಲವ್ವನ ಡ್ರಮ್ಮಿಗೆ ಸುರಿದರು, ಆಮೇಲೆ ನಮ್ಮದಕ್ಕೆ. ನಾಲ್ಕನೇ ಸುತ್ತಿಗೆ ಬಂದವರು ಕೊಡವನ್ನು ಮೆಟ್ಟಿಲ ಮೇಲೆ ಇಟ್ಟು, ಗೋಡೆಗೆ ಒರಗಿ ಕೂತುಬಿಟ್ಟರು. ಅಂಗಿ ಬೆನ್ನಿಗೆ ಅಂಟಿತ್ತು. ಕೊಡವನ್ನೊಮ್ಮೆ, ನನ್ನನ್ನೊಮ್ಮೆ ಅನುಮಾನದಿಂದ ನೋಡಿದರು.

"ಆ ಬಿಲ್ಲಿ ಪೂರ್ತಿ ಕರಗ್ಯಾವೋ ಇಲ್ಲೋ? ಕೊಡ ಇನ್ನೂ ಭಾರ ಹತ್ತಾಕತ್ತೈತಿ."

ನಾನು ಗೋಡೆ ಹಿಡಿದು ಎದ್ದು, ಸ್ಪ್ರಿಂಗಿನ ತಕ್ಕಡಿಗೆ ಒಂದು ಕಿಲೋ ಕಲ್ಲು ತೂಗುಹಾಕಿ ಅವರ ಮುಂದೆ ಹಿಡಿದೆ. ಅದು ಸರಿಯಾಗಿ ಒಂದು ಕಿಲೋ ತೋರಿಸುತ್ತಿತ್ತು.

"ಕರಗ್ಯಾವ್ರಿ," ಎಂದೆ. "ನೀರ ಇಷ್ಟ ಭಾರ ಇರತೈತಿ."